‘ಹೊತ್ತಿಗೆ ಎರಡು’ ಎಂದು ಬರೆದ ಹುಸೇನಮ್ಮ

ಬೆಳಗಿನ ಐದೂವರೆ. ಹೈದರಾಬಾದಿನ ಮಾಧಾಪುರದಲ್ಲಿ ಅರ್ಧ ಎದ್ದು ನಿಂತ ಗಾಜಿನ ಕಟ್ಟಡವೊಂದರ ಹಿಂದೆ ತಗಡಿನ ಶೆಡ್ಡುಗಳ ಸಾಲು. ಪ್ರತಿ ಶೆಡ್ಡಿನ ಮುಂದೆ ಮೂರು ಕಲ್ಲಿನ ಒಂದು ಒಲೆ. ಸೆಂಟ್ರಿಂಗ್ ಹಲಗೆಯ ತುಂಡುಗಳು ಉರಿಯುತ್ತಿವೆ. ಒಂದು ಒಲೆಯ ಪಕ್ಕದಲ್ಲಿ, ಮಡಚಲಾಗದ ಬಲಗಾಲನ್ನು ಉದ್ದಕ್ಕೆ ಚಾಚಿ ಕೂತ ಹುಸೇನಮ್ಮ ಜೋಳದ ಹಿಟ್ಟಿನ ಡಬ್ಬಿಯನ್ನು ಸ್ಪ್ರಿಂಗ್ ತಕ್ಕಡಿಯ ಕೊಕ್ಕೆಗೆ ಸಿಕ್ಕಿಸುತ್ತಾರೆ. ಮುಳ್ಳು ನಿಲ್ಲುವವರೆಗೆ ಉಸಿರು ಹಿಡಿಯುತ್ತಾರೆ. ಆಮೇಲೆ ನೋಟುಬುಕ್ಕಿನಲ್ಲಿ ಕನ್ನಡದ ಅಂಕಿಗಳಲ್ಲಿ ತೂಕ ಬರೆದುಕೊಳ್ಳುತ್ತಾರೆ.

“ಏನ್ ಬೇ ಹುಸೇನಿ, ಹಿಟ್ಟಿನ ಅಂಗಡಿ ಇಡ್ತೀ ಏನು?” ಎಂದು ರೊಟ್ಟಿ ಬಡಿಯುತ್ತಿದ್ದ ಪಾರ್ವತೆಮ್ಮ ಕೆಣಕುತ್ತಾರೆ.

“ಇಡ್ತೀನಿ. ನಿನಗ ಮಾತ್ರ ಕೊಡಂಗಿಲ್ಲ. ನಿನ್ನ ಬಾಯಿ ಭಾಳ ಐತಿ.”

ರೊಟ್ಟಿ ಬಡಿಯುವ ಸದ್ದು ನಿಲ್ಲುವುದಿಲ್ಲ. ಗಂಡಸರು ಉಂಡು, ಹೆಂಗಸರು ಉಂಡು, ಮಧ್ಯಾಹ್ನದ ಬುತ್ತಿ ಕಟ್ಟಿದ ಮೇಲೆ ಹುಸೇನಮ್ಮ ಉಳಿದ ಹಿಟ್ಟನ್ನು ಮತ್ತೆ ತೂಗುತ್ತಾರೆ. ಯಾರ ತಟ್ಟೆಗೆ ಎಷ್ಟು ಬಿತ್ತು ಎಂದು ಕಣ್ಣಲ್ಲೇ ಎಣಿಸಿಕೊಂಡಿರುತ್ತಾರೆ. ಇದನ್ನು ಮಾಡಲು ಅವರಿಗೆ ಯಾರೂ ಹೇಳಿಲ್ಲ. ಕೆಲಸಕ್ಕೆ ಹದಿನಾಲ್ಕು ದಿನ ರಜೆ ಹಾಕಿ, ಎರಡು ಬಸ್ಸು ಬದಲಿಸಿ, ನಗರದ ಇನ್ನೊಂದು ತುದಿಯ ನಾಚಾರಂನಿಂದ ಇಲ್ಲಿಗೆ ಬರುತ್ತಿದ್ದಾರೆ. ಇವತ್ತು ಕೊನೆಯ ದಿನ.

ಹುಸೇನಮ್ಮನವರಿಗೆ ನಲವತ್ನಾಲ್ಕು ವರ್ಷ. ನಾಚಾರಂನಲ್ಲಿರುವ ಒಂದು ಖಾಸಗಿ ಸಂಶೋಧನಾ ಸಂಸ್ಥೆಯಲ್ಲಿ ಅಟೆಂಡರು. ಹನ್ನೊಂದು ವರ್ಷದಿಂದ ಹಂಗಾಮಿ. ಮನುಷ್ಯನ ದೇಹ ದಿನಕ್ಕೆ ಎಷ್ಟು ಶಕ್ತಿ ಸುಡುತ್ತದೆ ಎಂದು ಅಳೆಯುವುದು ಆ ಸಂಸ್ಥೆಯ ಕೆಲಸಗಳಲ್ಲಿ ಒಂದು. ಅಳೆಯುವ ಸಾಧನ ನೀರು. ಮಾಮೂಲಿ ನೀರಲ್ಲ, ಗುರುತು ಹಾಕಿದ ನೀರು. ಅದರಲ್ಲಿರುವ ಜಲಜನಕವೂ ಆಮ್ಲಜನಕವೂ ಸಾಮಾನ್ಯಕ್ಕಿಂತ ಒಂದಿಷ್ಟು ಭಾರದವು. ಬಣ್ಣವಿಲ್ಲ, ರುಚಿಯಿಲ್ಲ, ಅಪಾಯವೂ ಇಲ್ಲ. ಕುಡಿದವರ ಮೈಯ ನೀರಿನಲ್ಲೆಲ್ಲ ಅದು ಬೆರೆಯುತ್ತದೆ. ಭಾರದ ಜಲಜನಕ ಮೂತ್ರ, ಬೆವರು, ಉಸಿರಿನ ತೇವದಲ್ಲಿ, ಎಂದರೆ ನೀರಾಗಿ ಮಾತ್ರ ಹೊರಹೋಗುತ್ತದೆ. ಭಾರದ ಆಮ್ಲಜನಕಕ್ಕೆ ಇನ್ನೊಂದು ದಾರಿಯಿದೆ. ನಾವು ಬಿಡುವ ಇಂಗಾಲದ ಡೈ ಆಕ್ಸೈಡಿನ ಜೊತೆಯೂ ಅದು ಹೋಗುತ್ತದೆ. ಹಾಗಾಗಿ ಅದು ಬೇಗ ತೀರುತ್ತದೆ. ಎರಡು ವಾರ ಮೂತ್ರದಲ್ಲಿ ಎರಡೂ ಗುರುತುಗಳನ್ನು ಹುಡುಕಿ, ಒಂದು ಇನ್ನೊಂದಕ್ಕಿಂತ ಎಷ್ಟು ಬೇಗ ತೀರಿತು ಎಂದು ನೋಡಿದರೆ ಆ ಮೈ ಎಷ್ಟು ಉರಿದಿದೆ ಎಂಬುದು ತಿಳಿಯುತ್ತದೆ. ಕುಡಿದವರು ಬಾಯಿಬಿಟ್ಟು ಏನೂ ಹೇಳಬೇಕಿಲ್ಲ.

ಕಳೆದ ಬೇಸಿಗೆಯಲ್ಲಿ ಆ ನೀರು ಈ ಶೆಡ್ಡುಗಳಿಗೆ ಬಂತು. ಕಟ್ಟಡ ಕಟ್ಟಿಸುತ್ತಿರುವ ಬಿಲ್ಡರು ಮುಂದಿನ ಮೂರು ಸೈಟುಗಳಲ್ಲಿ ಶೆಡ್ಡಿನ ಒಲೆಗಳನ್ನು ನಿಷೇಧಿಸಿ ಕ್ಯಾಂಟೀನು ತೆರೆಯಲಿದ್ದಾರೆ. ಬೆಂಕಿಯ ಭಯವೆಂಬುದು ಕಾರಣ. ಕೂಲಿಯವರಿಗೆ ತಟ್ಟೆಯಲ್ಲಿ ಎಷ್ಟು ಬಡಿಸಬೇಕು ಎಂದು ತಿಳಿಯಲು ಸಂಸ್ಥೆಯನ್ನು ಕೇಳಿದರು. ಹತ್ತು ಗಂಡಸರು, ಏಳು ಹೆಂಗಸರು ಆಯ್ಕೆಯಾದರು. ಎಲ್ಲರೂ ಯಾದಗಿರಿ, ಸುರಪುರ, ದೇವದುರ್ಗದ ಕಡೆಯವರು. ಸಂಸ್ಥೆಯಿಂದ ಸೈಟಿಗೆ ಹೋಗಬೇಕಿದ್ದ ತಜ್ಞರಿಗೆ ಅವರ ಮಾತು ತಿಳಿಯದು, ಅವರಿಗೆ ತಜ್ಞರ ಮಾತು ತಿಳಿಯದು. ಹುಸೇನಮ್ಮನವರನ್ನು ಕಳಿಸಿದರು.

ಮೊದಲ ದಿನವೇ ಒಂದು ತೊಡಕು. ನೀರು ಬಲು ದುಬಾರಿ, ಒಂದು ಹನಿ ಹೊರಗೆ ಬಿದ್ದರೂ ಲೆಕ್ಕ ಕೆಡುತ್ತದೆ. ಕುಡಿದದ್ದು ಕಡಿಮೆಯಾದರೆ ಸುಟ್ಟ ಶಕ್ತಿ ಇದ್ದದ್ದಕ್ಕಿಂತ ಹೆಚ್ಚಾಗಿ ಕಾಣುತ್ತದೆ. ಸೀಸೆಗೆ ಬಾಯಿ ಹಚ್ಚಿ ಕುಡಿಯಿರಿ ಎಂಬುದು ಸಂಸ್ಥೆಯ ಸೂಚನೆ. ಆದರೆ ಈ ಜನ ಯಾವ ಪಾತ್ರೆಗೂ ತುಟಿ ತಾಗಿಸುವುದಿಲ್ಲ. ಮುಖ ಮೇಲೆತ್ತಿ, ಗೇಣುದ್ದ ಮೇಲಿನಿಂದ ಸುರಿದುಕೊಳ್ಳುತ್ತಾರೆ. ಹೇಳಿ ಹೇಳಿ ಸಾಕಾಗಿ ಹುಸೇನಮ್ಮ ತಮ್ಮದೇ ದಾರಿ ಹುಡುಕಿದರು. ಬಿಳಿ ಬಟ್ಟೆಯ ಹದಿನೇಳು ತುಂಡುಗಳನ್ನು ಒಣಗಿಸಿ, ಸಂಸ್ಥೆಯ ಸೂಕ್ಷ್ಮ ತಕ್ಕಡಿಯಲ್ಲಿ ತೂಗಿ, ತೂಕ ಬರೆದಿಟ್ಟರು. ಕುಡಿಯುವಾಗ ಪ್ರತಿಯೊಬ್ಬರ ಗದ್ದದ ಕೆಳಗೆ ಒಂದು ತುಂಡು ಕಟ್ಟಿದರು. ಕುಡಿದಾದ ಮೇಲೆ ಅದನ್ನು ಗಾಳಿಯಾಡದ ಡಬ್ಬಿಯಲ್ಲಿ ಮುಚ್ಚಿ ತಂದು ಮತ್ತೆ ತೂಗಿದರು. ಹದಿನೇಳರಲ್ಲಿ ಹದಿನಾಲ್ಕು ಬಟ್ಟೆಗಳು ಒಣಗಿದಂತೆಯೇ ಇದ್ದವು. ಮೂರರಲ್ಲಿ ಒಂದು ಗ್ರಾಮಿಗೂ ಕಡಿಮೆ ತೇವ; ಮೂರೂ ಗಂಡಸರವು. ಎಲ್ಲವನ್ನೂ ನೀರು ಕುಡಿಸಿದ ಲೆಕ್ಕದ ರಿಜಿಸ್ಟರಿನ ಕೊನೆಯ ಕಾಲಮಿನಲ್ಲಿ ಬರೆದರು. “ಹೆಣ್ಮಕ್ಕಳು ದಿನಾ ಹಂಗ ಕುಡಿಯಾರು ರಿ. ಕೈ ಅಲುಗಂಗಿಲ್ಲ,” ಎನ್ನುತ್ತಾರೆ.

ಎರಡನೆಯ ತೊಡಕು ಮೂತ್ರದ್ದು. ಎದ್ದ ಕೂಡಲೇ ಬರುವ ಮೂತ್ರ ಪರೀಕ್ಷೆಗೆ ಆಗದು, ಎರಡನೆಯದು ಬೇಕು. ಗಂಡಸರಿಗೆ ಎಲ್ಲಿ ಬೇಕಾದರೂ ಗೋಡೆಯಿದೆ. ಹೆಂಗಸರು ನಸುಕಿಗೆ ಮುಂಚೆ ಬಂಡೆಗಳ ಮರೆಗೆ ಹೋಗಿ ಬಂದರೆ ಮತ್ತೆ ಹೋಗುವುದು ಕತ್ತಲಾದ ಮೇಲೆ. ಹನ್ನೆರಡು ಮಹಡಿಯ ಆ ಕಟ್ಟಡದ ನಕ್ಷೆಯಲ್ಲಿ ಮಹಡಿಗೆ ಎಂಟು ಶೌಚಾಲಯಗಳಿವೆ. ಕಟ್ಟುವ ಹೆಂಗಸರಿಗೆ ಒಂದೂ ಇಲ್ಲ. ಹಾಗೆಂದೇ ಅವರು ಹಗಲಿಡೀ ನೀರು ಕುಡಿಯುವುದಿಲ್ಲ. ಮೇ ತಿಂಗಳ ಬಿಸಿಲಿನಲ್ಲಿ, ಸ್ಲ್ಯಾಬಿನ ಮೇಲೆ, ನೀರು ಕುಡಿಯದೆ ತಲೆಯ ಮೇಲೆ ಗಮೇಲಾ, ಎಂದರೆ ಕಾಂಕ್ರೀಟು ತುಂಬಿದ ಬಾಂಡ್ಲಿ, ಹೊರುತ್ತಾರೆ. ಅವರ ಮೈಯ ನೀರನ್ನು ಅಳೆಯಲು ಬಂದ ಸಂಸ್ಥೆಯ ಸೂಚನಾ ಪತ್ರದಲ್ಲಿ ಇದರ ಬಗ್ಗೆ ಒಂದು ಸಾಲಿಲ್ಲ.

ಹುಸೇನಮ್ಮ ಮರಳ ರಾಶಿಯ ಹಿಂದೆ ಎರಡು ಕಬ್ಬಿಣದ ಸರಳು ನೆಟ್ಟು ತಮ್ಮ ಹಳೆಯ ಸೀರೆಯನ್ನು ಮರೆ ಕಟ್ಟಿದರು. ಬೆಳಿಗ್ಗೆ ಒಂಬತ್ತಕ್ಕೆ ಮೇಸ್ತ್ರಿಯ ಬೈಗುಳದ ನಡುವೆ ಒಬ್ಬೊಬ್ಬರನ್ನೇ ಸ್ಲ್ಯಾಬಿನಿಂದ ಕೆಳಗೆ ಕರೆದರು. ಹದಿನಾಲ್ಕು ದಿನ, ದಿನಕ್ಕೆ ಹದಿನೇಳು ಸೀಸೆ. ಒಂಬತ್ತು ಕಿಲೋ ತೂಗುವ ಮಂಜುಗಡ್ಡೆಯ ಪೆಟ್ಟಿಗೆಯನ್ನು ಸೊಂಟದ ಮೇಲಿಟ್ಟುಕೊಂಡು, ಕುಂಟುಗಾಲಿನಲ್ಲಿ ಬಸ್ಸು ಹತ್ತಿದರು. ಒಮ್ಮೆ ಸಿಕಂದರಾಬಾದಿನಲ್ಲಿ ಕಂಡಕ್ಟರು ಪೆಟ್ಟಿಗೆಯಲ್ಲಿ ಏನಿದೆ ಎಂದು ಗದರಿದ. “ಉಚ್ಚಿ ಐತಿ, ನೋಡ್ತೀ ಏನಪಾ? ಅಂದೆ. ಸೀಟ್ ಬಿಟ್ಟುಕೊಟ್ಟ ರಿ!” ಎಂದು ನಗುತ್ತಾರೆ. ಆ ಸೀರೆ ಈಗಲೂ ಅಲ್ಲೇ ಇದೆ. ಬಿಸಿಲಿಗೆ ಬಣ್ಣ ಹೋಗಿದೆ. ಈ ಸೈಟಿನಲ್ಲಿ ಹೆಂಗಸರಿಗಿರುವ ಏಕೈಕ ಮರೆ ಅದು.

ಈ ಸ್ಲ್ಯಾಬುಗಳು ಅವರಿಗೆ ಹೊಸವಲ್ಲ. ಸುರಪುರದ ಹತ್ತಿರದ ಹಳ್ಳಿಯಿಂದ ಹತ್ತೊಂಬತ್ತರ ವಯಸ್ಸಿನಲ್ಲಿ ಗಂಡ ಮಲ್ಲಪ್ಪನ ಜೊತೆ ಬಂದು ಹತ್ತು ವರ್ಷಕ್ಕೂ ಹೆಚ್ಚು ಕಾಲ ಗಮೇಲಾ ಹೊತ್ತವರು. ಪಟಾನ್‌ಚೆರುವಿನ ಔಷಧ ಕಾರ್ಖಾನೆಯೊಂದರ ಎರಡನೇ ಮಹಡಿಯಿಂದ ಬಿದ್ದು ಮೊಣಕಾಲು ಚೂರಾಯಿತು. ನಿಂತು ಮಾಡುವ ಕೆಲಸ ಮಾತ್ರ ಸಾಧ್ಯ ಎಂದಾಗ ಸಂಸ್ಥೆಯಲ್ಲಿ ಕಸ ಗುಡಿಸಲು ಸೇರಿದರು. ಮಗಳು ಭಾಗ್ಯಶ್ರೀ ತಾಯಿಗೆ ಅಕ್ಷರವನ್ನೂ ಅಂಕಿಯನ್ನೂ ಕಲಿಸಿದಳು. ಗುಡಿಸುತ್ತ ಗುಡಿಸುತ್ತ ಸೀಸೆ ತೊಳೆಯುವುದು, ಚೀಟಿ ಅಂಟಿಸುವುದು, ತೂಗುವುದು ಕೈಗೆ ಬಂತು.

ಮಾದರಿಗಳು ಬೇರೆ ಊರಿನ ಪ್ರಯೋಗಾಲಯಕ್ಕೆ ಹೋಗಿ, ಐದು ತಿಂಗಳ ಮೇಲೆ ಅಂಕಿಗಳು ಬಂದವು. ಗಂಡಸರು ದಿನಕ್ಕೆ ಸರಾಸರಿ ಮೂರು ಸಾವಿರದ ಇನ್ನೂರು ಕ್ಯಾಲೊರಿ ಸುಟ್ಟಿದ್ದರು. ಸರಾಸರಿ ನಲವತ್ತಮೂರು ಕಿಲೋ ತೂಗುವ ಹೆಂಗಸರು ಎರಡು ಸಾವಿರದ ಎಂಟುನೂರು. ಸ್ಲ್ಯಾಬು ಹಾಕುವ ದಿನ ಒಬ್ಬೊಬ್ಬಳೂ ಇನ್ನೂರೈವತ್ತಕ್ಕೂ ಹೆಚ್ಚು ಸಲ ಗಮೇಲಾ ಹೊತ್ತು ಏಣಿ ಹತ್ತುತ್ತಾಳೆ ಎಂದು ನೋಡಿ ಎಣಿಸಿದ್ದ ಹುಸೇನಮ್ಮನವರಿಗೆ ಇದರಲ್ಲಿ ಆಶ್ಚರ್ಯ ಕಾಣಲಿಲ್ಲ. ಸಂಸ್ಥೆಗೆ ಕಂಡಿತು. ಏಕೆಂದರೆ ನೀರಿನ ಜೊತೆಗೆ ಊಟದ ರಿಜಿಸ್ಟರೂ ಇತ್ತು. ಅದರ ಪ್ರಕಾರ ಹೆಂಗಸರು ತಿನ್ನುತ್ತಿದ್ದದ್ದು ಸಾವಿರದ ಏಳುನೂರು ಮಾತ್ರ. ಗಂಡಸರ ರಿಜಿಸ್ಟರು ನೀರಿನ ಅಂಕಿಗೆ ಹೊಂದಿಕೊಂಡಿತು, ಹೆಂಗಸರದ್ದು ಹೊಂದಲಿಲ್ಲ. ವರದಿಯ ಕರಡಿನಲ್ಲಿ ಒಂದು ಸಾಲು ಸೇರಿತು: ಕ್ಷೇತ್ರ ಸಿಬ್ಬಂದಿಯ ಅಜಾಗರೂಕತೆಯಿಂದ ನೀರು ಚೆಲ್ಲಿರುವ ಸಾಧ್ಯತೆ ಇರುವುದರಿಂದ ಏಳು ಮಹಿಳೆಯರ ಅಂಕಿಗಳನ್ನು ಕೈಬಿಡಲಾಗಿದೆ. ಊಟದ ರಿಜಿಸ್ಟರಿನ ಆಧಾರದ ಮೇಲೆಯೇ ತಟ್ಟೆ ನಿಗದಿಯಾಯಿತು. ಗಂಡಸಿಗೆ ಹೊತ್ತಿಗೆ ಐದು ರೊಟ್ಟಿ, ಹೆಂಗಸಿಗೆ ಎರಡು.

ಬಟ್ಟೆಯ ತೂಕದ ಕಾಲಮನ್ನು ಯಾರೂ ತೆರೆದು ನೋಡಲಿಲ್ಲ. ಏಳು ಹೆಂಗಸರ ಮೈತೂಕ ಮೊದಲ ದಿನ ಇದ್ದಷ್ಟೇ ಹದಿನಾಲ್ಕನೇ ದಿನವೂ ಇತ್ತು. ಸಾವಿರದ ಏಳುನೂರು ತಿಂದು ಅಷ್ಟು ದುಡಿದಿದ್ದರೆ ತಲಾ ಎರಡು ಕಿಲೋ ಇಳಿಯಬೇಕಿತ್ತು. ಅದನ್ನೂ ಯಾರೂ ಕೇಳಲಿಲ್ಲ. ಓದಿದವರ ಕೋಣೆಯಲ್ಲಿ ಅಷ್ಟು ಜನ ಇದ್ದೂ, ಕೂಲಿ ಹೆಂಗಸು ಅಷ್ಟು ದುಡಿಯುತ್ತಾಳೆ ಎಂದು ನಂಬುವುದಕ್ಕಿಂತ ಅಟೆಂಡರು ನೀರು ಚೆಲ್ಲಿದಳು ಎಂದು ನಂಬುವುದೇ ಸುಲಭವಾಯಿತು.

ಸಂಸ್ಥೆಯ ಕಿರಿಯ ಸಂಶೋಧಕಿ ನಲಿನಿ ಆ ಸಾಲನ್ನು ಕನ್ನಡದಲ್ಲಿ ಓದಿ ಹೇಳಿದ ದಿನ ಹುಸೇನಮ್ಮ ಊಟ ಮಾಡಲಿಲ್ಲ. ಆ ಸಿಟ್ಟು ಹೆಚ್ಚು ದಿನ ಉಳಿಯಲಿಲ್ಲ ಎನ್ನುತ್ತಾರೆ. “ಸಿಟ್ಟು ಬಂದಿತ್ತು. ಆದ್ರ ಎರಡ ದಿನದ ಮ್ಯಾಲ ನಾನ ತಣ್ಣಗಾದೆ ರಿ. ರೊಟ್ಟಿ ರಿಜಿಸ್ಟರ್ ಬರದಾಕಿ ನಾನ.”

ಏಳು ಹೆಂಗಸರ ಹೆಸರಿನ ಮುಂದೆ, ಹದಿನಾಲ್ಕು ದಿನ, ಮೂರು ಹೊತ್ತು, ಒಂದೇ ಉತ್ತರ: ಎರಡು. ಆಕೆ ಕೇಳಿದ್ದರು, ಅವರು ಹೇಳಿದ್ದರು, ಆಕೆ ಬರೆದಿದ್ದರು. ಈ ಹೆಂಗಸರು ತಾವು ತಿನ್ನುವ ರೊಟ್ಟಿಯನ್ನು ಎಣಿಸುವುದಿಲ್ಲ, ಎಣಿಸಿದರೂ ಬಾಯಿಬಿಟ್ಟು ಹೇಳುವುದಿಲ್ಲ. ಬುಟ್ಟಿಯಲ್ಲಿ ಒಟ್ಟಿದ ರೊಟ್ಟಿಯನ್ನು ಗಂಡನಿಗೂ ಮಕ್ಕಳಿಗೂ ಬಡಿಸಿ, ಉಳಿದದ್ದರಲ್ಲಿ ಒಲೆಯ ಕಡೆ ಮುಖ ಮಾಡಿ ಕೂತು ತಿನ್ನುತ್ತಾರೆ. ಯಾರಾದರೂ ಕೇಳಿದರೆ ಹೇಳಲು ಒಂದು ಅಂಕಿ ಇದೆ. ಪಾರ್ವತೆಮ್ಮ ವಿವರಿಸುತ್ತಾರೆ: “ಒಂದು ಅಂದ್ರ ಜಡ್ಡು ಬಂದೈತೇನು ಅಂತಾರ. ಮೂರು ಅಂದ್ರ ಅತ್ತಿ ಮಾರಿ ನೋಡ್ತಾಳ. ಎರಡು ಅಂದ್ರ ಯಾರೂ ಏನೂ ಅನ್ನಂಗಿಲ್ಲ.”

ಗಂಡಸರನ್ನು ಕೇಳಿದಾಗ ಅವರು ಪೈಪೋಟಿಯ ಮೇಲೆ ಹೇಳಿದ್ದರು. ತಾಯಪ್ಪ ಐದು ಅಂದರೆ ಪರಮೇಶ ಆರು.

ಹುಸೇನಮ್ಮನವರಿಗೆ ‘ಎರಡು’ ಎಂಬುದರಲ್ಲಿ ಸುಳ್ಳು ಕಾಣಲೇ ಇಲ್ಲ. ತಮ್ಮನ್ನು ಕೇಳಿದ್ದರೂ ಅದನ್ನೇ ಹೇಳುತ್ತಿದ್ದರು. “ಬ್ಯಾರೇ ಯಾರರ ಬಂದಿದ್ರ, ಇದೇನವ್ವಾ ಎಲ್ಲಾರೂ ಎರಡ ತಿಂತೀರೇನು ಅಂತ ಕೇಳ್ತಿದ್ರು. ನನಗ ಕೇಳಾಕ ಬಾಯಿ ಬರಲಿಲ್ಲ. ಕೇಳಬಾರದು ಅಂತನ ಬೆಳದಾಕಿ ನಾನು. ಎರಡ ರೊಟ್ಟಿ ತಿಂದು ಗಮೇಲಾ ಹೊತ್ರ ನಾಕ ದಿನದಾಗ ಬೀಳ್ತಾರ ರಿ. ಅವರ‍್ಯಾರೂ ಬೀಳಲಿಲ್ಲ, ನಾ ನೋಡೀನಿ. ನೋಡಿದ್ರೂ ಎರಡು ಅಂತ ಬರದೆ.”

ಅವರ ಭಾಷೆ ಬಲ್ಲವಳು, ಅವರಲ್ಲೊಬ್ಬಳು ಎಂದು ಕಳಿಸಿದ್ದರು. ಅವರಲ್ಲೊಬ್ಬಳಾದ್ದರಿಂದಲೇ ಆ ಮೌನ ಆಕೆಗೆ ಕೇಳಿಸಲಿಲ್ಲ. ಆದರೆ ನೀರಿಗೆ ಮರ್ಯಾದೆಯ ಹಂಗಿರಲಿಲ್ಲ. ಅದು ನಿಜ ಹೇಳಿತು. ಹೇಳಿದ ನಿಜವನ್ನು ವಿದ್ಯಾವಂತರು ಹೊಡೆದುಹಾಕಿದರು.

ಹುಸೇನಮ್ಮ ಹೋಗಿ ಅಧ್ಯಯನದ ಮುಖ್ಯಸ್ಥ ಡಾಕ್ಟರ್ ಪದ್ಮನಾಭ ಅವರ ಮುಂದೆ ನಿಂತು, ನೀರು ಚೆಲ್ಲಿಲ್ಲ, ರೊಟ್ಟಿ ತಪ್ಪು ಬರೆದೆ ಎಂದರು. ಪದ್ಮನಾಭ ಎರಡು ತಲೆಮಾರಿನಿಂದ ಹೈದರಾಬಾದಿನಲ್ಲಿರುವ ಧಾರವಾಡದ ಕಡೆಯ ಕುಟುಂಬದವರು, ಮನೆಯಲ್ಲಿ ಕನ್ನಡ. ಕೆಟ್ಟ ಮನುಷ್ಯರಲ್ಲ. ಬಾಯಿ ಮಾತು ಸಾಲದು, ಪುರಾವೆ ಬೇಕು, ವರದಿ ಶನಿವಾರ ಮೂರನೇ ತಾರೀಕು ಅಚ್ಚಿಗೆ ಹೋಗುತ್ತದೆ, ಅಷ್ಟರೊಳಗೆ ತಂದರೆ ನೋಡೋಣ ಎಂದರು. ಸಂಸ್ಥೆಯಿಂದ ಬೇರೆ ಯಾರನ್ನೂ ಕಳಿಸಲಿಲ್ಲ. ಉಗ್ರಾಣದ ಸ್ಪ್ರಿಂಗ್ ತಕ್ಕಡಿಯನ್ನು ಸಹಿ ಹಾಕಿಸಿಕೊಂಡು ಕೊಟ್ಟರು.

ಇವತ್ತು ಆ ಶನಿವಾರ. ಏಳರಲ್ಲಿ ಆರು ಹೆಂಗಸರ ಹಿಟ್ಟಿನ ತೂಕವೂ ರೊಟ್ಟಿಯ ಎಣಿಕೆಯೂ ನೋಟುಬುಕ್ಕಿನಲ್ಲಿವೆ. ಏಳನೆಯವರು ಅಂಬವ್ವ, ಎಲ್ಲರಿಗಿಂತ ಹಿರಿಯರು. ಹಿಟ್ಟು ತೂಗಲು ಬಿಟ್ಟಿದ್ದಾರೆ, ಎಣಿಕೆಗೆ ಬಿಟ್ಟಿಲ್ಲ. ಹುಸೇನಮ್ಮ ಹತ್ತಿರ ಬಂದರೆ ತಟ್ಟೆಯ ಮೇಲೆ ಸೆರಗು ಮುಚ್ಚುತ್ತಾರೆ.

“ಅಕ್ಕಾ, ಇವತ್ತ ಕಡೀ ದಿನ. ಹೇಳು.”

“ಹೇಳೀನಲ್ಲ. ಎರಡು.”

“ಹೊಸಾ ಸೈಟಿನ್ಯಾಗ ಒಲಿ ಹಚ್ಚಾಕ ಬಿಡಂಗಿಲ್ಲ. ಅವರು ಹಾಕಿದ್ದ ಊಟ. ಎರಡ ರೊಟ್ಟಿ ಹಾಕಿ, ಎದ್ದು ಹೋಗು ಅಂತಾರ. ಅವಾಗ ಏನ್ ಮಾಡ್ತಿ?”

ಅಂಬವ್ವ ಕೆಂಡ ಕೆದಕುತ್ತಾರೆ. ಸುತ್ತಲಿನ ಒಲೆಗಳ ಹೆಂಗಸರು ಕಿವಿ ಇಟ್ಟಿದ್ದಾರೆ, ರೊಟ್ಟಿಯ ಸದ್ದು ನಿಂತಿದೆ. ಅಂಬವ್ವ ತಲೆ ಎತ್ತಿ, “ನಮ್ಮದೆಲ್ಲಾ ಬರಕೊಂಡಿ. ನಿಂದ ಹೇಳು ನೋಡೋಣು. ಹೊತ್ತಿಗೆ ಎಷ್ಟ ತಿಂತಿ?” ಎನ್ನುತ್ತಾರೆ.

“ಎರಡು,” ಎಂದುಬಿಡುತ್ತಾರೆ ಹುಸೇನಮ್ಮ.

 ಪಾರ್ವತೆಮ್ಮ ಹಿಟ್ಟಿನ ಕೈಯನ್ನೇ ಬಾಯಿಗೆ ಅಡ್ಡ ಹಿಡಿದು ನಗಲು ಶುರುಮಾಡುತ್ತಾರೆ. ಸಾಲು ಸಾಲಾಗಿ ಎಲ್ಲರೂ ನಗುತ್ತಾರೆ. “ಬರಕೊಳ್ಳಾಕ ಬಂದಾಕಿನೂ ಅದನ್ನ ಹೇಳ್ತಾಳ!” ಎಂದು ಯಾರೋ ಕೂಗುತ್ತಾರೆ. ಹುಸೇನಮ್ಮ ನಗುವುದಿಲ್ಲ. ಮುಖ ಕೆಂಪಾಗಿದೆ. ನೋಟುಬುಕ್ಕು ತೆರೆದು, ಹೊಸ ಸಾಲಿನಲ್ಲಿ ತಮ್ಮ ಹೆಸರು ಬರೆದು, ಎಲ್ಲರಿಗೂ ಕೇಳುವಂತೆ ಹೇಳುತ್ತಾರೆ: “ನಾಕು. ಹುಸೇನಮ್ಮ, ಹೊತ್ತಿಗೆ ನಾಕು. ಪುಂಡಿಪಲ್ಯ ಇದ್ದ ದಿನ ಐದು.”

ನಗು ನಿಲ್ಲುತ್ತದೆ.  ಅಂಬವ್ವ ಸೆರಗು ಸರಿಸಿ ತಟ್ಟೆಯನ್ನು ಮುಂದೆ ತಳ್ಳುತ್ತಾರೆ. “ಐದು. ಬರಕೋ. ಮಗ ಊರಿಗೆ ಹೋದ ದಿನ ಅವನ ಪಾಲಿಂದೂ ತಿಂತೀನಿ. ಅದನ್ನೂ ಬರಕೋ.”

ಮಧ್ಯಾಹ್ನ ಹನ್ನೆರಡಕ್ಕೆ ಹುಸೇನಮ್ಮ ನಾಚಾರಂನಲ್ಲಿದ್ದಾರೆ. ಪದ್ಮನಾಭ ನೋಟುಬುಕ್ಕಿನ ಹಾಳೆಗಳನ್ನು ನಿಧಾನಕ್ಕೆ ತಿರುವುತ್ತಾರೆ. ನಲಿನಿ ಪಕ್ಕದಲ್ಲಿ ನಿಂತು ಅಂಕಿಗಳನ್ನು ಓದಿ ಹೇಳುತ್ತಾರೆ. ಹಿಟ್ಟಿನ ಲೆಕ್ಕದಲ್ಲಿ ಏಳು ಹೆಂಗಸರ ಊಟ ದಿನಕ್ಕೆ ಸರಾಸರಿ ಎರಡು ಸಾವಿರದ ಏಳುನೂರಕ್ಕೆ ಬರುತ್ತದೆ. ನೀರು ಹೇಳಿದ್ದಕ್ಕೆ ನೂರು ಕಡಿಮೆ.

“ಮೊದಲ ಬರದದ್ದು ತಪ್ಪು ಅಂತ ಈಗ ಹೇಳಾಕತ್ತೀರಿ,” ಎನ್ನುತ್ತಾರೆ ಪದ್ಮನಾಭ. “ಇದನ್ನ ಹೆಂಗ ನಂಬೋದು ರಿ?”

“ಮೊದಲ ಬಾಯಿ ಕೇಳಿ ಬರದೆ ರಿ ಸಾಬ್. ಈಗ ತೂಗಿ ಬರದೀನಿ. ಕಾಟಾ ನಿಮ್ದ ಐತಿ.” ಅವರು ಸ್ಪ್ರಿಂಗ್ ತಕ್ಕಡಿಯನ್ನು ಮೇಜಿನ ಮೇಲೆ ಇಡುತ್ತಾರೆ. “ಗದ್ದಕ್ಕ ಕಟ್ಟಿದ ಬಟ್ಟಿ ತೂಕಾನೂ ನಿಮ್ಮ ರಿಜಿಸ್ಟರಿನ್ಯಾಗ ಐತಿ. ಕಡೀ ಕಾಲಂ. ಒಮ್ಮೆ ನೋಡ್ರಿ.”

ಪದ್ಮನಾಭ ರಿಜಿಸ್ಟರು ತರಿಸುತ್ತಾರೆ. ಕೊನೆಯ ಕಾಲಮಿನ ಮೇಲೆ ಬೆರಳಿಟ್ಟು ಕೆಳಗಿನವರೆಗೆ ಇಳಿಸುತ್ತಾರೆ.  ಏಳು ತಿಂಗಳಿಂದ ಅದು ಅವರ ಬೀರುವಿನಲ್ಲೇ ಇತ್ತು.

ಏಳು ಹೆಂಗಸರ ಅಂಕಿಗಳು ವರದಿಗೆ ಮರಳುತ್ತವೆ ಎಂದು ಅವರು ಒಪ್ಪುತ್ತಾರೆ. ತಟ್ಟೆಯ ಮಾತು ಬಿಲ್ಡರಿಗೆ ಬಿಟ್ಟದ್ದು, ಬರೆದು ತಿಳಿಸುತ್ತೇವೆ ಎನ್ನುತ್ತಾರೆ. ಹೊಸ ಸೈಟಿನ ಕ್ಯಾಂಟೀನಿಗೆ ಹೆಂಗಸರ ಸಣ್ಣ ಸ್ಟೀಲ್ ತಟ್ಟೆಗಳು ಆಗಲೇ ಬಂದು ಬಿದ್ದಿವೆ. ಸಂಕ್ರಾಂತಿ ಕಳೆದರೆ ಅಂಬವ್ವ, ಪಾರ್ವತೆಮ್ಮ ಎಲ್ಲರೂ ಅಲ್ಲಿಗೆ ಹೋಗಬೇಕು. ತಟ್ಟೆ ಸಣ್ಣದಾದರೂ ಅದರಲ್ಲಿ ಎಷ್ಟು ಬೀಳುತ್ತದೆ ಎಂಬುದನ್ನು ಈಗ ಒಂದು ವರದಿ ಪ್ರಶ್ನಿಸುತ್ತದೆ. ಹದಿನಾಲ್ಕು ದಿನದ ರಜೆಗೆ ಸಿಕ್ಕದ್ದು ಇಷ್ಟು.

ಪದ್ಮನಾಭ ಪೆನ್ನು ತೆಗೆದು ಕರಡಿನ ಆ ಸಾಲನ್ನು ಹುಡುಕುತ್ತಾರೆ. “ಇದನ್ನ ಪೂರ್ತಿ ತಗದು ಬಿಡ್ತೀನಿ ಹುಸೇನಮ್ಮ. ನಿಮ್ಮ ಮ್ಯಾಲ ಏನೂ ಬರಂಗಿಲ್ಲ. ಆತಲ್ಲ?”

ಹುಸೇನಮ್ಮ ಬಾಗಿಲ ಬಳಿ ಗೋಡೆಗೆ ಕೈಕೊಟ್ಟು, ನೋಯುವ ಕಾಲನ್ನು ಸಡಿಲ ಬಿಟ್ಟು ನಿಂತಿದ್ದಾರೆ. ಅವರಿಗೆ ಬೇಕಾಗಿದ್ದದ್ದು ಅದೇ ಎಂದು ಕೋಣೆಯಲ್ಲಿದ್ದ ಎಲ್ಲರಿಗೂ ಅನ್ನಿಸಿರುತ್ತದೆ.

“ಪೂರ್ತಿ ತಗೀಬ್ಯಾಡ್ರಿ ಸಾಬ್,” ಎನ್ನುತ್ತಾರೆ. “ನೀರು ಚೆಲ್ಲಿಲ್ಲ ಅಂತ ಬರೀರಿ. ರೊಟ್ಟಿ ತಪ್ಪು ಬರದಾಕಿ ಹುಸೇನಮ್ಮ, ಅದನ್ನೂ ಬರೀರಿ. ಹೆಣ್ಮಕ್ಕಳು ಎರಡು ಅಂದ್ರ ಅದು ಎರಡಲ್ಲ ಅಂತನೂ ಬರೀರಿ. ಇಲ್ಲಂದ್ರ ನಾಳೆ ನನ್ನಂತಾಕಿ ಇನ್ನೊಬ್ಬಾಕಿ ಹೋಗಿ, ಮತ್ತ ಎರಡು ಅಂತ ಬರಕೊಂಡು ಬರ್ತಾಳ.”